ತಾರಸಿಯಲ್ಲಿ ಒಂದು ತಂತಿಗೆ ಜಾಗ ಕೊಡಿ

ಸಂಪಾದಕರೇ,

ಅಕ್ಟೋಬರ್ ಕೊನೆಯ ವಾರಾಂತ್ಯ ಬಂತೆಂದರೆ ನಮ್ಮಂಥ ಹ್ಯಾಮ್ ರೇಡಿಯೊದವರಿಗೆ, ಅಂದರೆ ಹವ್ಯಾಸಕ್ಕಾಗಿ ಸ್ವಂತ ರೇಡಿಯೊದಲ್ಲಿ ದೂರದವರ ಜೊತೆ ಮಾತಾಡುವವರಿಗೆ, ಹಬ್ಬ. ಜಗತ್ತಿನ ಆದಷ್ಟು ಹೆಚ್ಚು ಹ್ಯಾಮ್‌ಗಳನ್ನು ರೇಡಿಯೊದಲ್ಲಿ ಸಂಪರ್ಕಿಸುವ ಸಿಕ್ಯೂ ವರ್ಲ್ಡ್‌ವೈಡ್ ಸ್ಪರ್ಧೆಯ ಧ್ವನಿ ವಿಭಾಗ ಆಗ ನಡೆಯುತ್ತದೆ. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಿಗ್ಗೆ 5.30ರಿಂದ ಸೋಮವಾರ ಬೆಳಿಗ್ಗೆ 5.30ರವರೆಗೆ, ಪೂರ್ತಿ 48 ಗಂಟೆ. ‘ಫೈವ್ ನೈನ್, ಟ್ವೆಂಟಿ ಟು’ ಅಂತ ಕೂಗುತ್ತೇವೆ. ‘ಫೈವ್ ನೈನ್’ ಅಂದರೆ ನಿಮ್ಮ ಸಿಗ್ನಲ್ ಚೆನ್ನಾಗಿ ಕೇಳುತ್ತಿದೆ ಅಂತ; 22 ಈ ಸ್ಪರ್ಧೆಯಲ್ಲಿ ಭಾರತದ ವಲಯ ಸಂಖ್ಯೆ. ಗರಗರ ಸದ್ದಿನ ನಡುವೆ ಜಪಾನಿನವರೊಬ್ಬರು ನಮ್ಮ ಕರೆಸಂಕೇತ (ರೇಡಿಯೊದಲ್ಲಿ ನಮ್ಮನ್ನು ಗುರುತಿಸುವ ಅಕ್ಷರ-ಅಂಕಿಗಳ ಹೆಸರು) ತಿರುಗಿ ಹೇಳಿದಾಗ ಆಗುವ ಖುಷಿಯೇ ಬೇರೆ.

ಈ ಸಲ ನನಗೆ ಆ ಖುಷಿ ಇರಲಿಲ್ಲ. ಸ್ಪರ್ಧೆಗೆ ಎರಡು ದಿನ ಮೊದಲು ನಮ್ಮ ಅಪಾರ್ಟ್‌ಮೆಂಟ್ ಸಂಘದವರು ನನ್ನ ಆಂಟೆನಾ ಬಿಚ್ಚಿಸಿದರು. ಮೊಬೈಲ್ ಟವರ್ ಅಂತ ಯಾರೋ ದೂರು ಕೊಟ್ಟಿದ್ದರಂತೆ. ಅದು ಟವರೇ ಅಲ್ಲ. ನೀರಿನ ಟ್ಯಾಂಕ್ ಪಕ್ಕದ ಪೈಪಿನಿಂದ ಎರಡೂ ಕಡೆಗೆ ಹತ್ತತ್ತು ಮೀಟರ್ ಇಳಿಬಿಟ್ಟ ತಾಮ್ರದ ತಂತಿ, ತುದಿಗೆ ನೈಲಾನ್ ಹಗ್ಗ. ಬಟ್ಟೆ ಒಣಹಾಕುವ ತಂತಿಗಿಂತ ಜಾಸ್ತಿ ಜಾಗ ಬೇಡ. ಪರೀಕ್ಷೆ ಬರೆದು, ಕೇಂದ್ರ ಸರ್ಕಾರದಿಂದ ಲೈಸೆನ್ಸ್ ಪಡೆದೇ ಕಟ್ಟಿದ್ದು.

2004ರ ಸುನಾಮಿಯಲ್ಲಿ ಅಂಡಮಾನ್‌ನ ಫೋನ್‌ಗಳು ಸತ್ತಾಗ, ಅಲ್ಲಿದ್ದ ಹ್ಯಾಮ್‌ಗಳೇ ಸುದ್ದಿ ಮುಟ್ಟಿಸಿದ್ದರು. ಅಂಥ ಹೊತ್ತಿಗೆ ಬೇಕಾದ ಕೈಚಳಕ ಸುಮ್ನೆ ಬರುವುದಿಲ್ಲ. ಇಂಥ ಸ್ಪರ್ಧೆಗಳಲ್ಲೇ ಕಿವಿ ಪಳಗಬೇಕು, ಅಲ್ವಾ?

ಸಂಘಗಳ ಪದಾಧಿಕಾರಿಗಳೇ, ಬಿಚ್ಚಿಸುವ ಮೊದಲು ಲೈಸೆನ್ಸ್ ತೋರಿಸಿ ಅಂತ ಕೇಳಿ. ಒಂದು ಸಂಜೆ ಬಂದು ನಮ್ಮ ಪಕ್ಕ ಕೂತು ಕೇಳಿಸಿಕೊಳ್ಳಿ. ಮಕ್ಕಳನ್ನೂ ಕರೆತನ್ನಿ.

– ಒಬ್ಬ ಹ್ಯಾಮ್, ಬೆಂಗಳೂರು