ಮನೆ ನೋಡುವುದಿದ್ದರೆ ಶನಿವಾರ ರಾತ್ರಿ ಒಂದೂವರೆಗೆ ನೋಡಿ

ಮಾನ್ಯ ಸಂಪಾದಕರೇ,

ಊರಿನಿಂದ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಮುಂಬಯಿಯಲ್ಲಿ ಎಲ್ಲಿ ಮನೆ ಮಾಡಿದರೆ ಚೆನ್ನ ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ರಾತ್ರಿ ಸುತ್ತಾಟ, ಪಬ್ಬು, ಸಂಗೀತ ಬೇಕು ಅನ್ನುವವರಿಗೆ ಬಾಂದ್ರಾ, ಲೋವರ್ ಪರೇಲ್, ಅಂಧೇರಿ ಪಶ್ಚಿಮ ಎಂದು ಮೂರು ಹೆಸರು ಕೊಟ್ಟಿದ್ದೀರಿ. ಹೆಸರುಗಳು ತಪ್ಪಲ್ಲ. ಆದರೆ ಬರೆದವರು ಆ ಬೀದಿಗಳನ್ನು ರಾತ್ರಿ ಹನ್ನೊಂದಕ್ಕೆ ನೋಡಿ ಮನೆಗೆ ಹೋಗಿ ಮಲಗಿದ್ದಾರೆ ಅನ್ನಿಸಿತು. ನಾನು ಕುಂದಾಪುರದ ಕಡೆಯವನು, ಅಂಧೇರಿಯ ಒಂದು ಪರ್ಮಿಟ್ ರೂಮಿನಲ್ಲಿ, ಅಂದರೆ ಮದ್ಯದ ಪರವಾನಗಿ ಇರುವ ಬಾರಿನಲ್ಲಿ, ಮ್ಯಾನೇಜರ್. ನನ್ನ ದಿನ ಶುರುವಾಗುವುದೇ ಸಂಜೆ. ಹನ್ನೊಂದರ ಮುಂಬಯಿ ಬೇರೆ, ಒಂದೂವರೆಯ ಮುಂಬಯಿ ಬೇರೆ. ಮನೆ ಹುಡುಕುವವರಿಗೆ ಬೇಕಾದದ್ದು ಎರಡನೆಯದರ ಸುದ್ದಿ.

ನಮ್ಮಂಥ ಪರ್ಮಿಟ್ ರೂಮುಗಳು ರಾತ್ರಿ 1.30ಕ್ಕೆ ಬಾಗಿಲು ಹಾಕಬೇಕು. 2020ರ ಜನವರಿಯಲ್ಲಿ ಸರ್ಕಾರ ಮುಂಬಯಿಯಲ್ಲಿ 24 ಗಂಟೆ ವ್ಯಾಪಾರದ ನೀತಿ ತಂದಾಗ ಬಾರುಗಳೂ ಬೆಳಗಿನ ತನಕ ತೆರೆದಿರುತ್ತವೆ ಅಂತ ತುಂಬಾ ಜನ ಅಂದುಕೊಂಡರು. ಹಾಗಲ್ಲ. ಅದು ಜನವಸತಿ ಇಲ್ಲದ ಕಡೆಯ ಮಾಲ್, ಅಂಗಡಿ, ಊಟದ ಹೋಟೆಲುಗಳಿಗೆ. ಮದ್ಯದ ಗಡಿ ಒಂದೂವರೆಯಲ್ಲೇ ಉಳಿಯಿತು. ಇನ್ನೊಂದು ಮಾತು. ಈ ರಾಜ್ಯದಲ್ಲಿ ಬಿಯರ್, ವೈನ್ ಕುಡಿಯಲು 21 ತುಂಬಿರಬೇಕು, ಉಳಿದ ಮದ್ಯಕ್ಕೆ 25. ಇಪ್ಪತ್ತೆರಡಕ್ಕೆ ಕೆಲಸಕ್ಕೆ ಸೇರಿದವರು ಪಬ್ಬಿನ ಗೋಡೆಗೆ ತಾಗಿಯೇ ಮನೆ ಮಾಡಿದರೂ ಮೂರು ವರ್ಷ ಬಿಯರೇ ಗತಿ.

ಈಗ ಲೋಕಲ್ ಗಾಡಿಯ ಹೊತ್ತು ನೋಡಿ. ಕೊನೆಯ ಗಾಡಿಗಳು ಹನ್ನೆರಡೂವರೆ, ಒಂದರ ಆಸುಪಾಸಿಗೆ ಹೊರಟುಬಿಡುತ್ತವೆ. ಮತ್ತೆ ಶುರುವಾಗುವುದು ಬೆಳಗಿನ ನಾಲ್ಕರ ಸುಮಾರಿಗೆ. ಮೆಟ್ರೋ ಇನ್ನೂ ಬೇಗ ಮಲಗುತ್ತದೆ. ಆರೆಯಿಂದ ಕಫ್ ಪರೇಡ್‌ಗೆ ಹೋಗುವ ಮೂರನೇ ಲೈನಿನ ಕೊನೆಯ ಗಾಡಿ ಹೊರಡುವುದೇ ಹತ್ತೂವರೆಗೆ. ಅಂದರೆ ಗಿರಾಕಿ ಬಿಲ್ ಕೊಟ್ಟು ರಸ್ತೆಗೆ ಇಳಿಯುವಾಗ ರೈಲು ಅನ್ನುವುದೇ ಇಲ್ಲ. ಉಳಿದದ್ದು ಆಟೋ, ಟ್ಯಾಕ್ಸಿ. ಹನ್ನೆರಡರಿಂದ ಐದರ ತನಕ ಮೀಟರಿನ ಮೇಲೆ ಕಾಲು ಭಾಗ ಜಾಸ್ತಿ. ಆಟೋ ಅಂತೂ ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಹೋಗುವ ಹಾಗೇ ಇಲ್ಲ. ಬಾಡಿಗೆ ಕಡಿಮೆ ಅಂತ ಬೋರಿವಲಿಯಲ್ಲಿ ಮನೆ ಮಾಡಿ, ಶನಿವಾರ ಬಂತೆಂದರೆ ಲೋವರ್ ಪರೇಲಿಗೆ ಬರುವವರನ್ನು ನಾನು ನೋಡಿದ್ದೇನೆ. ಬಾಡಿಗೆಯಲ್ಲಿ ಉಳಿಸಿದ ದುಡ್ಡು ಟ್ಯಾಕ್ಸಿಯವನಿಗೆ.

ನನ್ನ ತಂಗಿಯ ಮಗಳಿಗೆ ಲೋವರ್ ಪರೇಲಿನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮನೆ ಹುಡುಕುವ ಕೆಲಸ ನನಗೆ ಬಂತು. ‘ಮಾವ, ಹತ್ತು ಗಂಟೆಗೆ ಮಲಗುವ ಏರಿಯಾ ಮಾತ್ರ ಬೇಡ. ಅದು ಊರಲ್ಲೇ ಸಿಗ್ತದೆ’ ಅಂದಳು. ಅವಳ ಅಮ್ಮನ ಮುಂದೆ ಹೇಳಲಿಲ್ಲ ಅನ್ನುವುದು ಪುಣ್ಯ. ಬ್ರೋಕರ್‌ಗಳು ಮನೆ ತೋರಿಸುವುದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಆಗ ಬಾಂದ್ರಾದ ಚಾಪೆಲ್ ರೋಡ್, ರಣ್‌ವಾರ್ ಗಲ್ಲಿಗಳು ನೋಡಲು ಎಷ್ಟು ಚೆಂದ! ಮರದ ಮೆಟ್ಟಿಲಿನ ಹಳೆಯ ಮನೆಗಳು, ಗೋಡೆ ತುಂಬ ಬಣ್ಣದ ಚಿತ್ರ, ಶಿಲುಬೆಯ ಮುಂದೆ ಹೂವು. ಅವಳಿಗೆ ಅಲ್ಲೊಂದು ಮನೆ ತುಂಬಾ ಹಿಡಿಸಿತು. ಅಡ್ವಾನ್ಸ್ ಕೊಡುವ ಮೊದಲು ಶನಿವಾರ ರಾತ್ರಿ ಒಂದು ರಜೆ ಹಾಕಿ, ಒಂದೂವರೆಗೆ ಅದೇ ಮನೆಯ ಕೆಳಗೆ ಅವಳನ್ನು ನಿಲ್ಲಿಸಿದೆ.

ಮ್ಯೂಸಿಕ್ ನಿಂತರೆ ಸದ್ದು ನಿಂತಿತು ಅಂತ ಜನ ತಿಳಿದಿದ್ದಾರೆ. ಬಾರಿನವನಾಗಿ ನಾನು ಹೇಳುತ್ತೇನೆ, ನಮ್ಮ ಸದ್ದು ಶುರುವಾಗುವುದೇ ಆಮೇಲೆ. ಖಾಲಿ ಬಾಟಲಿಗಳನ್ನು ಚೀಲಕ್ಕೆ ಸುರಿಯುವುದು. ಅಡುಗೆಮನೆಯ ನೆಲ ತೊಳೆಯುವುದು. ಪಾತ್ರೆ. ಎಕ್ಸಾಸ್ಟ್ ಫ್ಯಾನು, ಅದು ಯಾವಾಗಲೂ ಹಿಂದಿನ ಮನೆಯ ಬೆಡ್‌ರೂಮಿನ ಕಡೆಗೇ ಮುಖ ಮಾಡಿರುತ್ತದೆ. ಶಟರ್ ಎಳೆಯುವುದು. ಮುಂದಿನ ಬಾಗಿಲಲ್ಲಿ ಗಿರಾಕಿಗಳು ಗಾಡಿಗೆ ಕಾಯುತ್ತಾ, ‘ಇನ್ನೆಲ್ಲಿಗೆ’ ಅಂತ ಚರ್ಚೆ ಮಾಡುತ್ತಾ ನಿಲ್ಲುವ ಅರ್ಧ ಗಂಟೆ. ಶಬ್ದ ಮಾಲಿನ್ಯದ 2000ದ ನಿಯಮದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಜನವಸತಿಗೆ 45 ಡೆಸಿಬಲ್, ವ್ಯಾಪಾರದ ಜಾಗಕ್ಕೆ 55 ಅಂತ ಮಿತಿ ಇದೆ. ಕೆಳಗೆ ಬಾರು, ಮೇಲೆ ಮನೆ ಇರುವ ಬೀದಿಯಲ್ಲಿ ಇದರಲ್ಲಿ ಯಾವುದು ಅಂತ ವಾದ ಮುಗಿಯುವಷ್ಟರಲ್ಲಿ ಹಾಲಿನವನು ಬರುತ್ತಾನೆ. ಹುಡುಗಿ ಕಿಟಕಿ ನೋಡಿದಳು, ಫ್ಯಾನ್ ನೋಡಿದಳು, ನನ್ನ ಮುಖ ನೋಡಿದಳು. ಆ ಮನೆಯ ಮಾತು ಅಲ್ಲಿಗೆ ಮುಗಿಯಿತು.

ಖಾರ್ ಕಡೆ ಇನ್ನೊಂದು ಮನೆ ನೋಡಿದೆವು. ಸದ್ದಿಲ್ಲ, ಗಾಳಿ ಬೆಳಕು ಎಲ್ಲ ಇದೆ, ನಾಲ್ಕು ಹೆಜ್ಜೆಗೆ ಪಬ್ಬುಗಳ ಸಾಲು. ಆದರೆ ಹೌಸಿಂಗ್ ಸೊಸೈಟಿಯ ಗೇಟಿಗೆ ಹನ್ನೊಂದಕ್ಕೆ ಬೀಗ. ಆಮೇಲೆ ಬಂದರೆ ವಾಚ್‌ಮನ್‌ನನ್ನು ಎಬ್ಬಿಸಿ ಪುಸ್ತಕದಲ್ಲಿ ಸಹಿ ಮಾಡಬೇಕು. ಹತ್ತರ ನಂತರ ಸ್ನೇಹಿತರು ಬರುವಂತಿಲ್ಲ. ಸೆಕ್ರೆಟರಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆಯಲು ನನಗೇ ನಾಚಿಕೆ. ಹುಡುಗರಿಗೆ ಅದರ ಅರ್ಧವೂ ಕೇಳುವುದಿಲ್ಲ. ರಾತ್ರಿಯ ಆಸೆಗೆ ಅಷ್ಟು ಬಾಡಿಗೆ ತೆತ್ತು, ಹನ್ನೊಂದಕ್ಕೆ ಒಳಗೆ ಸೇರುವುದಾದರೆ ಏನು ಬಂತು? ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಅನ್ನುವ ಬಾಡಿಗೆ ಕರಾರಿನಲ್ಲಿ ಇದೆಲ್ಲ ಬರೆದಿರುವುದಿಲ್ಲ. ಗೇಟಿನ ಹೊತ್ತು ಎಷ್ಟು ಅಂತ ಮೊದಲೇ ಬಾಯಿಬಿಟ್ಟು ಕೇಳಬೇಕು. ಸೆಕ್ರೆಟರಿಗಿಂತ ವಾಚ್‌ಮನ್‌ನನ್ನು ಕೇಳಿದರೆ ಒಳ್ಳೆಯದು.

ಅಂಧೇರಿ ಪಶ್ಚಿಮದ ರೀತಿ ಬೇರೆ. ವರ್ಸೋವಾ, ಲೋಖಂಡವಾಲಾ, ವೀರಾ ದೇಸಾಯಿ ರಸ್ತೆಯ ಕಡೆ ಸಿನಿಮಾ, ಸೀರಿಯಲ್ ಕೆಲಸದವರು ತುಂಬಾ ಇದ್ದಾರೆ. ಎಡಿಟಿಂಗ್ ಮುಗಿಸಿ ಎರಡಕ್ಕೆ ಬರುವವರು, ಶೂಟಿಂಗ್‌ಗೆ ನಾಲ್ಕಕ್ಕೆ ಹೊರಡುವವರು. ಅವರನ್ನು ನಂಬಿ ಆಟೋ ನಿಂತಿರುತ್ತದೆ, ಭುರ್ಜಿ-ಪಾವ್ ಗಾಡಿ ಇರುತ್ತದೆ, ಸೈಕಲ್ ಮೇಲೆ ಚಹಾ ಮಾರುವವನು ಸುತ್ತುತ್ತಿರುತ್ತಾನೆ. ನಾನು ಇಷ್ಟು ವರ್ಷ ಕಂಡದ್ದು ಇದು: ನಡುರಾತ್ರಿ ಬೀದಿಗೆ ಜೀವ ಇರುವುದು ದುಡಿಯುವವರಿಂದ. ಆಸ್ಪತ್ರೆ, ಮಾರುಕಟ್ಟೆ, ಸ್ಟುಡಿಯೋ, ರಿಕ್ಷಾ ಸ್ಟ್ಯಾಂಡ್ ಇರುವ ಕಡೆ ಎರಡು ಗಂಟೆಗೆ ಒಂಟಿ ಹುಡುಗಿ ನಡೆದುಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಬರೀ ಪಬ್ಬುಗಳೇ ಇರುವ ಬೀದಿ ಶಟರ್ ಬಿದ್ದ ಹತ್ತು ನಿಮಿಷಕ್ಕೆ ಖಾಲಿ.

ಲೋವರ್ ಪರೇಲಿನ ತೊಂದರೆ ಅದೇ. ಈಗ ಪಬ್ಬು, ಆಫೀಸುಗಳಾಗಿರುವ ಹಳೆಯ ಬಟ್ಟೆ ಗಿರಣಿಗಳ ಕಾಂಪೌಂಡಿನ ಒಳಗೆ ದೀಪವೋ ದೀಪ. ಗೇಟಿನ ಹೊರಗೆ ಆಫೀಸುಗಳು ಮುಚ್ಚಿ, ಫುಟ್‌ಪಾತ್ ಕತ್ತಲು. ಆ ಹೆಸರು ಕೇಳಿದರೆ ನಮ್ಮ ಕಸುಬಿನವರಿಗೆ ಇಂದಿಗೂ 2017ರ ಡಿಸೆಂಬರ್ ನೆನಪಾಗುತ್ತದೆ. ಅಲ್ಲಿನ ಕಮಲಾ ಮಿಲ್ಸ್‌ನ ಮೇಲ್ಛಾವಣಿಯ ಪಬ್ಬಿನ ಬೆಂಕಿಯಲ್ಲಿ 14 ಜನ ಸತ್ತರು. ಮನೆ ಹತ್ತಿರದ ಪಬ್ಬು ಅಂದರೆ ಪದೇ ಪದೇ ಹೋಗುವ ಜಾಗ ಅಲ್ವಾ? ಮೊದಲ ಸಲ ಹೋದಾಗಲೇ ಎರಡನೇ ಬಾಗಿಲು ಎಲ್ಲಿದೆ ನೋಡಿ. ಅಲ್ಲಿ ಬಿಯರ್ ಕ್ರೇಟ್ ಪೇರಿಸಿಟ್ಟಿದ್ದರೆ ಕೂರಬೇಡಿ, ಎದ್ದು ಬನ್ನಿ. ನಿಮ್ಮ ಲೇಖನದಲ್ಲಿ ಹಾಡಿನ ಬಗ್ಗೆ, ದೀಪದ ಬಗ್ಗೆ ಇತ್ತು, ಬಾಗಿಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕೊನೆಗೆ ಹುಡುಗಿ ಇಬ್ಬರು ಗೆಳತಿಯರ ಜೊತೆ ಮಾಟುಂಗಾದಲ್ಲಿ ಮನೆ ಹಿಡಿದಳು. ಮೊದಲು ಮೂಗು ಮುರಿದಿದ್ದಳು. ಮಾಟುಂಗಾ ಅಂದರೆ ಬೆಳಗಿನ ಜಾವದ ಫಿಲ್ಟರ್ ಕಾಫಿ, ಹೂವಿನ ಅಂಗಡಿ, ದೋಸೆಗೆ ಕ್ಯೂ. ರಾತ್ರಿ ಅಲ್ಲಿ ಏನಿದೆ? ಏನೂ ಇಲ್ಲ, ಅದಕ್ಕೇ ನಿದ್ದೆ ಇದೆ. ಲೋವರ್ ಪರೇಲಿನಿಂದ ಮೂರನೇ ಸ್ಟೇಷನ್ ಮಾಟುಂಗಾ ರೋಡ್. ಗಾಡಿ ತಪ್ಪಿದರೆ ಟ್ಯಾಕ್ಸಿಗೆ ಜಾಸ್ತಿ ಆಗುವುದಿಲ್ಲ. ಪಕ್ಕದ ದಾದರ್‌ನಲ್ಲಿ ಹೂವಿನ ಮಾರುಕಟ್ಟೆ ಬೆಳಕು ಹರಿಯುವ ಮೊದಲೇ ಎದ್ದಿರುತ್ತದೆ, ಜನ ಇರುತ್ತಾರೆ. ‘ಏರಿಯಾ ಹತ್ತಕ್ಕೆ ಮಲಗಿದರೆ ಮಲಗಲಿ ಮಾವ, ನಾನೂ ಮಲಗಬೇಕು ಅಂತ ಇಲ್ವಲ್ಲ’ ಅಂದಳು. ಮಾತು ಸರಿ ಅನ್ನಿಸಿತು.

ಮಾಟುಂಗಾ ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮವರಿಗೆ ಮುಂಬಯಿಯ ರಾತ್ರಿ ಹೊಸದಲ್ಲ. ನನಗಿಂತ ಹಿಂದಿನವರು ಹಗಲು ಹೋಟೆಲಿನ ಟೇಬಲ್ ಒರೆಸಿ, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಕೂತು ಮೆಟ್ರಿಕ್ ಮಾಡಿದರು. ಊರಿನ ಯಕ್ಷಗಾನ ಮೇಳ ಬಂದರೆ ರಾತ್ರಿಯಿಡೀ ಆಟ ನೋಡಿ, ಬೆಳಿಗ್ಗೆ ಸೀದಾ ಡ್ಯೂಟಿ. ಈಗ ಬರುವುದು ಹೆಚ್ಚಾಗಿ ಕಾಲಮಿತಿ ಯಕ್ಷಗಾನ, ಬೇಗ ಮುಗಿಯುತ್ತದೆ. ಆದರೂ ಮಾಹಿಮಿನ ಕರ್ನಾಟಕ ಸಂಘ, ಮಾಟುಂಗಾದ ಮೈಸೂರು ಅಸೋಸಿಯೇಷನ್ ಇವೆ. ನಾಟಕ, ಸಂಗೀತ ನಡೆಯುತ್ತವೆ. ಕನ್ನಡ ಪತ್ರಿಕೆಯ ಲೇಖನದಲ್ಲಿ ಇವುಗಳ ಹೆಸರೂ ಇಲ್ಲದ್ದು ನನಗೆ ಸ್ವಲ್ಪ ಬೇಜಾರಾಯಿತು. ರಾತ್ರಿ ಅಂದರೆ ಗ್ಲಾಸು ಮಾತ್ರ ಅಲ್ಲ. ಗ್ಲಾಸಿನಿಂದಲೇ ಹೊಟ್ಟೆ ಹೊರೆಯುವವನು ಹೇಳುತ್ತಿದ್ದೇನೆ.

ಇಷ್ಟೆಲ್ಲ ಬರೆದದ್ದು ಒಂದು ಬೇಡಿಕೆಗಾಗಿ. ಗಿರಾಕಿಗೆ ಏರಿಯಾ ಆರಿಸುವ ಅವಕಾಶ ಇದೆ. ಅವನಿಗೆ ಬಡಿಸುವ ಹುಡುಗನಿಗೆ ಇಲ್ಲ. ನಮ್ಮಲ್ಲಿ ಕೆಲಸ ಮಾಡುವವರ ಮನೆ ದೂರದ ನಾಲಾಸೋಪಾರ, ವಿರಾರ್, ದಿವಾ ಕಡೆ. ಗಲ್ಲಾ ಲೆಕ್ಕ ಮುಗಿದು ಅವರು ಹೊರಬೀಳುವಾಗ ಎರಡು ಗಂಟೆ. ಹೋಟೆಲಿನ ಅಟ್ಟದಲ್ಲೋ ಸ್ಟೇಷನ್ ಬೆಂಚಿನಲ್ಲೋ ನಾಲ್ಕರ ತನಕ ಕಾಯುತ್ತಾರೆ. ರೈಲು ಓಡಿಸಿ ಅಂತ ನಾನು ಕೇಳುವುದಿಲ್ಲ. ಹಳಿ, ಮೇಲಿನ ತಂತಿ ರಿಪೇರಿಗೆ ರೈಲ್ವೆಯವರಿಗೆ ಸಿಗುವುದೇ ಆ ಎರಡು ಮೂರು ಗಂಟೆ. ಬಸ್ಸು ಓಡಿಸಬಹುದು. ಇರುವ ಕೆಲವೇ ರಾತ್ರಿ ಬಸ್ಸುಗಳು ಸಾಲವು. ಚರ್ಚ್‌ಗೇಟಿನಿಂದ ದಾದರ್, ಬಾಂದ್ರಾ, ಅಂಧೇರಿ ಮೇಲೆ ಬೋರಿವಲಿಗೆ ಒಂದು, ಸಿಎಸ್‌ಎಂಟಿಯಿಂದ (ಹಿಂದಿನ ವಿ.ಟಿ. ಸ್ಟೇಷನ್) ಸಯನ್ ಮೇಲೆ ಠಾಣೆಗೆ ಒಂದು, ಒಂದರಿಂದ ನಾಲ್ಕರ ತನಕ ಅರ್ಧ ಗಂಟೆಗೊಂದು ಗಾಡಿ. ಪಬ್ಬಿನಿಂದ ಬರುವ ಹುಡುಗಿ, ನೈಟ್ ಡ್ಯೂಟಿಯ ನರ್ಸ್, ಸಸೂನ್ ಡಾಕಿಗೆ ಮೀನು ತರಲು ಹೊರಟ ಹೆಂಗಸರು, ನಮ್ಮ ವೇಟರ್ ಎಲ್ಲರೂ ಅದೇ ಗಾಡಿ ಹತ್ತುತ್ತಾರೆ.

ಪಾಲಿಕೆಗೆ ಇದನ್ನು ಕೇಳಬೇಕಾದವರಲ್ಲಿ ನಮ್ಮ ಹೋಟೆಲ್ ಮಾಲೀಕರೂ ಸೇರಿದ್ದಾರೆ. ಇನ್ನಷ್ಟು ಹೊತ್ತು ಬಾರು ತೆರೆದಿಡಲು ಅನುಮತಿ ಕೊಡಿ ಅಂತ ಮನವಿ ಹಿಡಿದು ಹೋಗುವಾಗ ಅದೇ ಕಾಗದದ ಕೆಳಗೆ ಈ ಬಸ್ಸಿನ ಎರಡು ಸಾಲನ್ನೂ ಸೇರಿಸಲಿ. ಅಟ್ಟದಲ್ಲಿ ಮಲಗುವ ಹುಡುಗರು ಯಾರು ಅಂತ ಅವರಿಗೂ ಗೊತ್ತು. ಅವರಲ್ಲೂ ಎಷ್ಟೋ ಜನ ಅಲ್ಲಿ ಮಲಗಿಯೇ ಮೇಲೆ ಬಂದವರು.

ಇಂತಿ,
ಒಬ್ಬ ಬಾರ್ ಮ್ಯಾನೇಜರ್, ಅಂಧೇರಿ
(ಹೆಸರು ಪ್ರಕಟಿಸಬಾರದಾಗಿ ಕೋರಿಕೆ)