ಸೈತಾನನೂ ಶಾಸ್ತ್ರ ಹೇಳುತ್ತಾನೆ

ಪ್ರಿಯ ಓದುಗರೇ,

ನಮ್ಮ ಸಂಘದಲ್ಲಿ ಬೈಬಲನ್ನು ದಿನಾ ಓದುವವರಿದ್ದಾರೆ, ಒಮ್ಮೆಯೂ ತೆರೆಯದವರೂ ಇದ್ದಾರೆ. ಒಳ್ಳೆಯದು ಕೆಟ್ಟದ್ದರ ಹೋರಾಟ ಅಂದರೆ ಇಬ್ಬರಿಗೂ ಮೊದಲು ನೆನಪಾಗುವುದು ಯುದ್ಧವೇ. ಒಂದು ಕಡೆ ದೇವರು, ಇನ್ನೊಂದು ಕಡೆ ಸೈತಾನ, ಇಬ್ಬರೂ ಸರಿಸಮ ಜಟ್ಟಿಗಳು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ 12ನೇ ಅಧ್ಯಾಯದಲ್ಲಿ ಅಂಥ ಯುದ್ಧ ಇದೆ, ನಿಜ. ಆದರೆ ಅಲ್ಲಿ ಘಟಸರ್ಪದ, ಅಂದರೆ ಸೈತಾನನ, ಎದುರು ಕಾದಾಡುವುದು ಪ್ರಧಾನ ದೇವದೂತ ಮೀಕಾಯೇಲ ಮತ್ತು ಅವನ ದೂತರು. ದೇವರು ಕಣಕ್ಕೇ ಇಳಿಯುವುದಿಲ್ಲ. ಒಳ್ಳೆಯವನಾಗಿದ್ದೂ ಕಷ್ಟಗಳ ಪರೀಕ್ಷೆಗೆ ಒಳಗಾದ ಯೋಬನ ಕಥೆಯಲ್ಲಂತೂ ಸೈತಾನ ಅಪ್ಪಣೆ ಕೇಳಿ ನಿಲ್ಲುತ್ತಾನೆ. ಯೋಬನ ಆಸ್ತಿಪಾಸ್ತಿಯನ್ನು ಮುಟ್ಟಬಹುದು, ಅವನ ಮೈ ಮುಟ್ಟುವ ಹಾಗಿಲ್ಲ ಎಂದು ದೇವರು ಗೆರೆ ಎಳೆದ ಮೇಲೇ ಅವನು ಹೊರಡುವುದು. ಇದು ಸಮಬಲದ ಜಗಳ ಅಲ್ವೇ ಅಲ್ಲ.

ಹಾಗಾದರೆ ಹೋರಾಟ ಎಲ್ಲಿ ನಡೆಯುತ್ತದೆ? ನನ್ನನ್ನು ಕೇಳಿದರೆ ಯೇಸುವಿನ ಬದುಕನ್ನು ಹೇಳುವ ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ನೋಡಿ ಎನ್ನುತ್ತೇನೆ. ಅಲ್ಲಿ ಕತ್ತಿ ಇಲ್ಲ, ಬೆಂಕಿ ಇಲ್ಲ. ಬರೀ ಮಾತುಕತೆ. ಯೇಸು ಅಡವಿಯಲ್ಲಿ 40 ದಿನ ಉಪವಾಸವಿದ್ದು ಹಸಿದಿದ್ದಾನೆ. ಸೈತಾನ ಬಂದು ಈ ಕಲ್ಲುಗಳನ್ನು ರೊಟ್ಟಿ ಮಾಡಿಕೋ ಎನ್ನುತ್ತಾನೆ. ಹಸಿದವನು ಉಣ್ಣುವುದರಲ್ಲಿ ತಪ್ಪೇನಿದೆ? ಕೆಟ್ಟದ್ದು ಹೀಗೆ ತೀರಾ ನ್ಯಾಯವಾದ ಮಾತಿನಿಂದಲೇ ಶುರುವಾಗುತ್ತದೆ. ಮನುಷ್ಯ ರೊಟ್ಟಿಯಿಂದ ಮಾತ್ರ ಬದುಕುವುದಿಲ್ಲ, ದೇವರ ಮಾತಿನಿಂದಲೂ ಬದುಕುತ್ತಾನೆ ಎಂದು ಯೇಸು ಶಾಸ್ತ್ರದ ವಾಕ್ಯ ಹೇಳುತ್ತಾನೆ.

ಓಹೋ, ನಿನಗೆ ಶಾಸ್ತ್ರ ಬೇಕಾ, ತಗೋ ಎಂಬಂತಿದೆ ಸೈತಾನನ ಮುಂದಿನ ಹೆಜ್ಜೆ. ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಗೆ ಧುಮುಕು, ದೇವದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ ಎನ್ನುತ್ತಾನೆ. ಬರೆದಿರುವುದು ಸುಳ್ಳಲ್ಲ. ಅದು ಬೈಬಲಿನ ಹಾಡುಗಳ ಪುಸ್ತಕದ 91ನೇ ಕೀರ್ತನೆ. ಆ ಕೀರ್ತನೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಕಿತಾಪತಿ ಕಾಣುತ್ತದೆ. ನೀನು ನಡೆಯುವ ದಾರಿಗಳಲ್ಲೆಲ್ಲ ಕಾಯುತ್ತಾರೆ ಎಂಬ ತುಂಡನ್ನು ಅವನು ಸುಮ್ನೆ ಹಾರಿಸಿಬಿಟ್ಟಿದ್ದಾನೆ. ಗೋಪುರದಿಂದ ಹಾರುವುದು ಯಾರೂ ನಡೆಯುವ ದಾರಿ ಅಲ್ಲವಲ್ಲ! ಕಲ್ಲಿಗೆ ಕಾಲು ತಗಲುವುದಿಲ್ಲ ಎಂಬಲ್ಲಿಗೆ ಮಾತನ್ನೂ ನಿಲ್ಲಿಸಿದ್ದಾನೆ. ಮುಂದಿನ ವಚನದಲ್ಲೇ ಸಿಂಹವನ್ನೂ ಸರ್ಪವನ್ನೂ ತುಳಿಯುವ ಮಾತಿದೆ. ಅದನ್ನು ಅವನು ಯಾಕೆ ಹೇಳಿಯಾನು?

ಮೂರನೆಯದು ಬೆಟ್ಟದ ಮೇಲೆ. ನನಗೆ ಅಡ್ಡಬಿದ್ದರೆ ಲೋಕದ ರಾಜ್ಯಗಳೆಲ್ಲ ನಿನ್ನದು ಎಂಬ ನೇರ ವ್ಯಾಪಾರ. ಯೇಸುವಿನ ಮೂರು ಉತ್ತರಗಳೂ ಬೈಬಲಿನ ಹಳೆಯ ಭಾಗದಲ್ಲಿರುವ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದವು. ಒಂದೊಂದೂ ಚಿಕ್ಕ ವಾಕ್ಯ. ವಾದ ಬೆಳೆಸುವುದಿಲ್ಲ, ಪವಾಡ ತೋರಿಸುವುದಿಲ್ಲ.

ಇನ್ನೂ ಇರಿಸುಮುರಿಸಾಗುವ ಜಾಗ ಅದೇ ಸುವಾರ್ತೆಯ 16ನೇ ಅಧ್ಯಾಯ. ನೀನು ಧನ್ಯನು ಎಂದು ಶಿಷ್ಯ ಪೇತ್ರನನ್ನು ಹೊಗಳಿದ ಯೇಸು ಕೆಲವೇ ವಚನಗಳಾದ ಮೇಲೆ ಅವನನ್ನೇ "ಸೈತಾನನೇ" ಎಂದು ಗದರಿಸುತ್ತಾನೆ. ಪೇತ್ರ ಮಾಡಿದ್ದಾದರೂ ಏನು? ತಾನು ಸಾಯಬೇಕಾಗಿದೆ ಎಂದ ಯೇಸುವಿಗೆ, ನಿನಗೆ ಸಾವು ಬಾರದಿರಲಿ ಎಂದ, ಅಷ್ಟೇ. ಗೆಳೆಯನ ಕಾಳಜಿಯ ಮಾತು. ಆಮೇಲೆ ಪೇತ್ರನನ್ನು ಶಿಷ್ಯರ ಗುಂಪಿನಿಂದ ಹೊರಗೆ ಹಾಕಿದರಾ ಅಂದರೆ ಅದೂ ಇಲ್ಲ. ಮುಂದಿನ ಅಧ್ಯಾಯದಲ್ಲಿ ಬೆಟ್ಟ ಹತ್ತುವಾಗ ಜೊತೆಗೆ ಕರೆದುಕೊಂಡು ಹೋದ ಮೂವರಲ್ಲಿ ಅವನೂ ಒಬ್ಬ.

ವಾದದಲ್ಲಿ ಸೋತಾಗ ಎದುರಿನವರನ್ನು ಸೈತಾನನ ಕಡೆಯವರು ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಅಂಥವರು ಬೈಬಲಿನಲ್ಲಿ ಎಫೆಸ ಊರಿನವರಿಗೆ ಬರೆದ ಪತ್ರದ 6ನೇ ಅಧ್ಯಾಯದಿಂದ ಗುರಾಣಿ, ಕತ್ತಿ, ಶಿರಸ್ತ್ರಾಣಗಳನ್ನಷ್ಟೇ ಎತ್ತಿಕೊಳ್ಳುತ್ತಾರೆ. ನಮ್ಮ ಹೋರಾಟ ಮನುಷ್ಯರ ಮೇಲಲ್ಲ ಎಂದು ಅದಕ್ಕೂ ಮೊದಲೇ ಬರೆದಿದೆ. ಆ ಪಟ್ಟಿಯಲ್ಲಿ ಹೊಡೆಯಲು ಬರುವ ಆಯುಧ ಕತ್ತಿ ಒಂದೇ, ಅದೂ ದೇವರ ವಾಕ್ಯ. ಕಾಲಿಗೆ ತೊಡುವುದು ಸಮಾಧಾನದ ಸುವಾರ್ತೆ. ಈ ಪತ್ರ ಆದಿಕಾಲದ ಕ್ರೈಸ್ತ ಬೋಧಕ ಪೌಲನ ಹೆಸರಿನಲ್ಲಿದೆ. ತಾನು ಬೇಡಿ ತೊಟ್ಟವನು ಎಂದು ಅವನು ಅಲ್ಲೇ ಹೇಳಿಕೊಂಡಿದ್ದಾನೆ. ಬೇಡಿ ಹಾಕಿದವರ ವಿರುದ್ಧ ಆ ಭಾಗದಲ್ಲಿ ಒಂದೂ ಮಾತಿಲ್ಲ. ಧೈರ್ಯವಾಗಿ ಮಾತಾಡುವಂತಾಗಲಿ ಎಂದು ಪ್ರಾರ್ಥಿಸಿ, ಅಷ್ಟೇ ಅವನು ಕೇಳುವುದು.

ಬಿಡುವಿದ್ದಾಗ ಮತ್ತಾಯ 4 ಮತ್ತು ಲೂಕ 4 ಎರಡನ್ನೂ ಒಟ್ಟಿಗೆ ಓದಿ. ಮತ್ತಾಯನಲ್ಲಿ ಕೊನೆಗೆ ಬರುವುದು ಬೆಟ್ಟ, ಲೂಕನಲ್ಲಿ ದೇವಾಲಯ. ಸೈತಾನ ಹೋದದ್ದು ತಕ್ಕ ಸಮಯ ಬರುವ ತನಕ ಮಾತ್ರ ಎಂಬ ಮಾತನ್ನೂ ಲೂಕ ಸೇರಿಸುತ್ತಾನೆ. ಲೂಕನ ಸುವಾರ್ತೆ ಶುರುವಾಗುವುದೂ ಮುಗಿಯುವುದೂ ದೇವಾಲಯದಲ್ಲೇ, ಅದಕ್ಕೇ ಈ ಅದಲುಬದಲು ಎಂದು ನನ್ನ ಊಹೆ. ನಿಮಗೆ ಬೇರೆ ಕಾರಣ ಹೊಳೆದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

– ಸಂಪಾದಕ