ಮಗಳಿಗೊಂದು ಪತ್ರ: ಕೊಳದ ನೀರಿನಿಂದ ಸೀಸಿಯಂ ತೆಗೆಯುವುದು

ಪ್ರೀತಿಯ ಪುಟ್ಟಿ,

ಅಯಾನು ವಿನಿಮಯ, ಅಂದರೆ ಒಂದು ಘನವಸ್ತು ತನ್ನಲ್ಲಿನ ಅಯಾನು (ವಿದ್ಯುದಾವೇಶವಿರುವ ಕಣ) ಬಿಟ್ಟು ನೀರಿನಲ್ಲಿರುವ ಇನ್ನೊಂದನ್ನು ಹಿಡಿಯುವುದು, ನಿಜವಾದ ಕೆಲಸದಲ್ಲಿ ಹೇಗಿರುತ್ತದೆ ಎಂದು ಕೇಳಿದ್ದೆಯಲ್ಲ, ಇಂಗ್ಲೆಂಡಿನ ಪರಮಾಣು ನೆಲೆಯಾದ ಸೆಲ್ಲಾಫೀಲ್ಡ್‌ನಲ್ಲಿರುವ ಸಿಕ್ಸೆಪ್ ಎಂಬ ನೀರು ಶುದ್ಧೀಕರಣ ಘಟಕವನ್ನು ನೋಡು. 1985ರಿಂದ ನಡೆಯುತ್ತಿದೆ. ನೀರು ಹಾಯುವ ಅದರ ಕಾಲಮ್‌ಗಳ (ಖನಿಜ ತುಂಬಿದ ಪಾತ್ರೆಗಳ) ಒಳಗೆ ಇರುವುದು ದುಬಾರಿ ರಾಳವಲ್ಲ, ಕ್ಯಾಲಿಫೋರ್ನಿಯಾದಲ್ಲಿ ಅಗೆದು ತಂದ ಕ್ಲಿನೊಪ್ಟಿಲೊಲೈಟ್ ಎಂಬ, ಸಣ್ಣ ರಂಧ್ರಗಳಿರುವ ಝಿಯೊಲೈಟ್ ಖನಿಜ.

ಅಲ್ಲಿ ಮ್ಯಾಗ್ನಾಕ್ಸ್ ಎಂಬ ಬಗೆಯ ರಿಯಾಕ್ಟರುಗಳಲ್ಲಿ ಬಳಸಿದ ಇಂಧನವನ್ನು ಕೊಳದ ನೀರಿನಲ್ಲಿ ಇಡುತ್ತಾರೆ. ಆ ಇಂಧನದ ಕವಚ ಮೆಗ್ನೀಸಿಯಂ ಮಿಶ್ರಲೋಹದ್ದು, ನೀರಿನಲ್ಲಿ ಸವೆಯುತ್ತದೆ. ಸವೆತ ತಗ್ಗಿಸಲು ಕೊಳಕ್ಕೆ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ ಅನ್ನು 11.5ರ ಆಸುಪಾಸು ಇಡುತ್ತಾರೆ. ಆದರೂ ಇಂಧನದಲ್ಲಿನ ವಿಕಿರಣಶೀಲ ಸೀಸಿಯಂ-137, ಸ್ಟ್ರಾನ್ಷಿಯಂ-90 ನೀರಿಗಿಳಿಯುತ್ತವೆ. ತೂಕದಲ್ಲಿ ಅವು ಲೆಕ್ಕಕ್ಕಿಲ್ಲ. ಕಾಸ್ಟಿಕ್ ಸೋಡಾದಿಂದ ಬಂದ ಸೋಡಿಯಂ ಅವುಗಳ ಎಷ್ಟೋ ಸಾವಿರ ಪಟ್ಟು. ಜಾತ್ರೆಯಲ್ಲಿ ಇಬ್ಬರನ್ನು ಹುಡುಕಿ ಹಿಡಿದಂತೆ.

ಸೀಸಿಯಂ ದೊಡ್ಡ ಅಯಾನು, ಸುತ್ತಲಿನ ನೀರನ್ನು ಸುಲಭವಾಗಿ ಕಳಚಿ ಖನಿಜದ ರಂಧ್ರದಲ್ಲಿ ಕೂರುತ್ತದೆ. ಸೋಡಿಯಂ ತನ್ನ ನೀರನ್ನು ಬಿಡದು. ಸ್ಟ್ರಾನ್ಷಿಯಂ ಅಷ್ಟು ಸುಲಭದ್ದಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಅದರ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಹೀಗಾಗಿ ಖನಿಜ ತುಂಬಿ ಕಾಲಮ್ ಸೋತಾಗ ಮೊದಲು ಆಚೆ ಬರುವುದು ಸಾಮಾನ್ಯವಾಗಿ ಸ್ಟ್ರಾನ್ಷಿಯಂ. ಎರಡು ಕಾಲಮ್‌ಗಳನ್ನು ಒಂದರ ಹಿಂದೊಂದು ಜೋಡಿಸುವುದು ಇದಕ್ಕೇ: ಮೊದಲನೆಯದರಿಂದ ತಪ್ಪಿದ್ದನ್ನು ಎರಡನೆಯದು ಹಿಡಿಯಲಿ ಎಂದು.

ನನ್ನ ಪ್ರಕಾರ ಅರ್ಧ ಗೆಲುವು ಕಾಲಮ್‌ಗೆ ಮುಂಚೆಯೇ ಆಗುತ್ತದೆ. ಮೊದಲು ಕೆಸರು ತಳಕ್ಕಿಳಿಯಬೇಕು, ಆಮೇಲೆ ಮರಳಿನ ಸೋಸುಹಾಸು. ಪ್ಲುಟೋನಿಯಂ ಬಹುಪಾಲು ಕಣಗಳಿಗೇ ಅಂಟಿಕೊಂಡಿರುವುದರಿಂದ ಇಲ್ಲಿಯೇ ಸಿಗುತ್ತದೆ. ಸೋಸುವಿಕೆ ಸಡಿಲವಾದರೆ ಪ್ಲುಟೋನಿಯಂ ದಾಟುತ್ತದೆ, ಕಾಲಮ್ ಕಟ್ಟಿಕೊಳ್ಳುತ್ತದೆ. ನಂತರ ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಪಿಎಚ್ ಇಳಿಸುತ್ತಾರೆ, ಏಕೆಂದರೆ ಅಷ್ಟು ಕ್ಷಾರದಲ್ಲಿ ಖನಿಜದ ಸಿಲಿಕಾವೇ ಕರಗುತ್ತದೆ. ದುರ್ಬಲ ಆಮ್ಲವಾದ್ದರಿಂದ ಪಿಎಚ್ ಧಡಕ್ಕನೆ ಬೀಳುವ ಭಯ ಕಡಿಮೆ. ಹಾಗೆಂದು ಅತಿಯಾಗಿ ಇಳಿಸಬಾರದು. ಮೆಗ್ನೀಸಿಯಂ ಹೆಚ್ಚು ಕರಗಿ ಸ್ಟ್ರಾನ್ಷಿಯಂ ಜಾಗ ಕಸಿಯುತ್ತದೆ.

ತುಂಬಿದ ಖನಿಜವನ್ನು ತೊಳೆದು ಮರುಬಳಸುವುದಿಲ್ಲ. ತೊಳೆದರೆ ಕೈಯಲ್ಲುಳಿಯುವುದು ಮತ್ತೆ ಅದೇ ವಿಕಿರಣಶೀಲ ದ್ರವ! ಸೀಸಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, 30 ವರ್ಷ, ಆದ್ದರಿಂದ ಟ್ಯಾಂಕುಗಳಲ್ಲಿ ನೀರಿನಡಿ ಇಡುತ್ತಾರೆ.

ನಿನ್ನ ಪ್ರಯೋಗಾಲಯದಲ್ಲಿ ವಿಕಿರಣವಿಲ್ಲದ ಸೀಸಿಯಂ ಕ್ಲೋರೈಡ್ ಸಾಕು. ಲೀಟರಿಗೆ 10 ಮಿಲಿಗ್ರಾಂ ಸೀಸಿಯಂ ಇರುವ 20 ಮಿಲಿಲೀಟರ್ ದ್ರಾವಣಕ್ಕೆ 0.1 ಗ್ರಾಂ ಖನಿಜ ಹಾಕಿ ರಾತ್ರಿಯಿಡೀ ಅಲುಗಾಡಿಸು, ಸೋಸು, ಅಳೆ. ಖನಿಜ ಹಿಡಿದದ್ದನ್ನು ದ್ರಾವಣದಲ್ಲಿ ಉಳಿದದ್ದರಿಂದ ಭಾಗಿಸಿ 200ರಿಂದ (20 ಮಿಲಿಲೀಟರ್ ಭಾಗಿಸು 0.1 ಗ್ರಾಂ) ಗುಣಿಸು. ಇದು ವಿತರಣಾ ಗುಣಾಂಕ, ಖನಿಜ ಸೀಸಿಯಂ ಅನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂಬುದರ ಅಳತೆ. ಲೀಟರಿಗೆ 0.1 ಮಿಲಿಗ್ರಾಂ ಉಳಿದಿದ್ದರೆ 19,800 ಬರುತ್ತದೆ, ಗ್ರಾಂಗೆ ಮಿಲಿಲೀಟರ್ ಲೆಕ್ಕದಲ್ಲಿ. ಆಮೇಲೆ ಸ್ವಲ್ಪ ಅಡುಗೆ ಉಪ್ಪು ಸೇರಿಸಿ ಅದನ್ನೇ ಮತ್ತೆ ಮಾಡಿ, ಸಂಖ್ಯೆ ಎಷ್ಟಕ್ಕಿಳಿಯಿತೆಂದು ಬರೆ.

ನಿನ್ನ ಅಮ್ಮ